ರೆಫರೆನ್ಸ್ ವಿಭಾಗದ ಫುಟ್‌ಬಾಲ್

ಯಾರಾದರೂ ಗೆದ್ದರು ಎಂದರೆ ಸಾಕು, "ನನಗೆ ಆಗಲೇ ಗೊತ್ತಿತ್ತು" ಎನ್ನುವವರು ಎಲ್ಲಿಂದ ಹುಟ್ಟಿಕೊಳ್ಳುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸೋತವನ ವಿಷಯದಲ್ಲೂ ಇವರಿಗೆ ಆಗಲೇ ಗೊತ್ತಿರುತ್ತದೆ, ಆದರೆ ಅದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿ ಬಸವರಾಜನ ಫೋಟೋ ಪತ್ರಿಕೆಯ ಕ್ರೀಡಾಪುಟದಲ್ಲಿ ಬಂದ ಮರುದಿನ ವಡಾಲದ ನಮ್ಮ ಪುಟ್ಟ ಸಂಜೆ ಕಾಲೇಜಿನಲ್ಲಿ ಇಂಥವರ ಜಾತ್ರೆಯೇ ಸೇರಿತು. ಪ್ರಿನ್ಸಿಪಾಲರಿಗೆ ಹುಡುಗ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಗೊತ್ತಾಗಿತ್ತಂತೆ. ಕ್ಯಾಂಟೀನಿನವನಿಗೆ ಅವನು ವಡಾಪಾವ್ ತಿನ್ನುವ ವೇಗದಿಂದ ಗೊತ್ತಾಗಿತ್ತಂತೆ. ಅಕೌಂಟೆನ್ಸಿ ಕಲಿಸುವ ಮೇಡಂ ಮಾತ್ರ, ಅವನು ತಮ್ಮ ಕ್ಲಾಸಿಗೆ ಬರುತ್ತಲೇ ಇರಲಿಲ್ಲ, ಅದರಿಂದಲೇ ಗೊತ್ತಾಯಿತು ಎಂದರು. ಇಡೀ ಕಾಲೇಜಿನಲ್ಲಿ ಏನೂ ಗೊತ್ತಿರದಿದ್ದವನು ನಾನೊಬ್ಬನೇ. ಗೊತ್ತಿರಲಿಲ್ಲ ಎನ್ನುವುದೊಂದೇ ಆಗಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಬರುತ್ತಿರಲಿಲ್ಲ. ಅವನು ಆಡಲೇಬೇಕಾಗಿದ್ದ ಒಂದು ಮ್ಯಾಚಿನಲ್ಲಿ ಅವನನ್ನು ಗೆರೆಯಾಚೆ ಬೆಂಚಿನ ಮೇಲೆ ಕೂರಿಸಿದ ಪುಣ್ಯಾತ್ಮನೂ ನಾನೇ.

ನಾನು ಆ ಕಾಲೇಜಿನ ಲೈಬ್ರರಿಯನ್. ಕುಂದಾಪುರದ ಕಡೆಯವನು, ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು. ನಮ್ಮ ಕಾಲೇಜು ಇರುವುದು ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮತ್ತು ಮೂರನೆಯ ಮಹಡಿಯಲ್ಲಿ. ಮೈದಾನ ಎಂಬುದು ನಮ್ಮ ಪ್ರಾಸ್ಪೆಕ್ಟಸ್ಸಿನಲ್ಲಿ ಮಾತ್ರ ಇದೆ. ಹೀಗಿರುವಾಗ ಒಂದು ವರ್ಷ ಯಾರೋ ದಾನಿಗಳು ಕಾಲೇಜಿಗೆ ಒಂದು ಫುಟ್‌ಬಾಲ್ ಕೊಟ್ಟರು. ಅದನ್ನು ಎಲ್ಲಿಡುವುದು? ಬೀಗವಿರುವ ಗಾಜಿನ ಬೀರು ಇದ್ದದ್ದು ಲೈಬ್ರರಿಯಲ್ಲಿ ಮಾತ್ರ. ಪ್ರಿನ್ಸಿಪಾಲರು ಚೆಂಡನ್ನು ನನ್ನ ಮೇಜಿನ ಮೇಲಿಟ್ಟು, ಚೆಂಡು ನಿಮ್ಮ ಹತ್ತಿರ ಇರುವುದರಿಂದ ಇನ್ನು ಕ್ರೀಡಾ ವಿಭಾಗವೂ ನಿಮ್ಮದೇ ಎಂದು ಹೇಳಿ ಹೊರಟುಹೋದರು. ಶಾಲೆಯಲ್ಲಿ ಉಳಿದವರು ಕಬಡ್ಡಿ ಆಡುವಾಗ ನಾನು ಅವರ ಚಪ್ಪಲಿ ಕಾಯುತ್ತಿದ್ದೆ. ಆಟದೊಂದಿಗೆ ನನಗಿದ್ದ ಸಂಬಂಧ ಅಷ್ಟೇ.

ಲೈಬ್ರರಿಗೆ ಬಂದ ವಸ್ತುವನ್ನು ರಿಜಿಸ್ಟರಿಗೆ ಏರಿಸದೆ ಇಟ್ಟುಕೊಳ್ಳುವುದು ನನ್ನಿಂದಾಗದ ಕೆಲಸ. ಚೆಂಡಿಗೊಂದು ನಂಬರು ಕೊಟ್ಟೆ. ಲೇಖಕರ ಹೆಸರು ಎನ್ನುವ ಕಾಲಮ್ಮಿನಲ್ಲಿ ಸ್ವಲ್ಪ ಹೊತ್ತು ತೊಡಕಾಯಿತು; ತಯಾರಿಸಿದ ಕಂಪನಿಯ ಹೆಸರು ಬರೆದು ಮುಗಿಸಿದೆ. ಪುಟಗಳು ಎಂಬಲ್ಲಿ ಅಡ್ಡಗೆರೆ ಎಳೆದೆ. ಕಾಲೇಜಿನ ಸೀಲನ್ನು ಮೂರು ಕಡೆ ಒತ್ತಿದೆ. ಬೆಲೆಬಾಳುವ, ಒಂದೇ ಪ್ರತಿ ಇರುವ ವಸ್ತುಗಳನ್ನು ರೆಫರೆನ್ಸ್ ವಿಭಾಗದಲ್ಲಿಡಬೇಕು, ಅವು ಲೈಬ್ರರಿಯಿಂದ ಹೊರಗೆ ಹೋಗಕೂಡದು ಎಂಬುದು ನಿಯಮ. ಚೆಂಡು ವಿಶ್ವಕೋಶದ ಪಕ್ಕದಲ್ಲಿ ಕೂತಿತು. ಫುಟ್‌ಬಾಲನ್ನು ಕೂತು ನೋಡುವುದಕ್ಕೆ ಇಡುತ್ತಾರಾ ಮಾರಾಯ್ರೆ ಎಂದು ನನ್ನ ಹೆಂಡತಿ ನಕ್ಕಳು. ಅವಳಿಗೆ ಲೈಬ್ರರಿ ವಿಜ್ಞಾನ ತಿಳಿಯದು.

ಆ ವರ್ಷವೇ ಬಸವರಾಜ ಕಾಲೇಜಿಗೆ ಸೇರಿದ. ಇಂಡಿ ತಾಲೂಕಿನ ಕಡೆಯಿಂದ ಬಂದ ಪ್ಲಾಸ್ಟರ್ ಮೇಸ್ತ್ರಿ ಶಿವಪ್ಪನವರ ಮಗ. ಮನೆ ವಿಕ್ರೋಳಿಯ ಚಾಳಿನಲ್ಲಿ. ಹಗಲು ಅಪ್ಪನ ಜೊತೆ ಬಿಲ್ಡಿಂಗುಗಳಿಗೆ ಟೈಲ್ಸ್ ಹೊರುವುದು, ಸಂಜೆ ಬಿ.ಕಾಂ. ಮೊದಲ ವಾರವೇ ಗಾಜಿನ ಬೀರುವಿನ ಮುಂದೆ ನಿಂತು, ಆ ಚೆಂಡು ಬೇಕು ಎಂದ. ಹೊರಗೆ ಕೊಡುವುದಿಲ್ಲ, ಬೇಕಾದರೆ ಇಲ್ಲೇ ಕೂತು ಉಪಯೋಗಿಸಬಹುದು ಎಂದೆ. ರೆಫರೆನ್ಸ್ ಪುಸ್ತಕ ಕೇಳಿದ ಎಲ್ಲರಿಗೂ ನಾನು ಹೇಳುವ ಮಾತು ಅದು. ಬಾಯಿಂದ ತಾನಾಗಿ ಬಂತು. ಅವನು ಒಂದು ಕ್ಷಣ ಯೋಚಿಸಿ, "ಆತ್ ಬಿಡ್ರಿ ಸರ, ಇಲ್ಲೇ ಕುಂತು ಆಡ್ತೀನಿ," ಎಂದು ಕಾರ್ಡಿಗೆ ಸಹಿ ಹಾಕಿ ಚೆಂಡು ಪಡೆದ.

ಮೂರು ವರ್ಷ, ಕ್ಲಾಸಿಲ್ಲದ ಹೊತ್ತಿನಲ್ಲೆಲ್ಲ, ಅವನು ಓದುವ ಕೋಣೆಯ ಮೂಲೆ ಮೇಜಿನಲ್ಲಿ ಕೂತಿರುತ್ತಿದ್ದ. ಮೇಲೆ ಪುಸ್ತಕ, ಕೆಳಗೆ ಬರಿಗಾಲಿನ ಅಡಿಯಲ್ಲಿ ಚೆಂಡು. ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ, ಹಿಮ್ಮಡಿಯಿಂದ ಬೆರಳಿಗೆ. ಮೊದಮೊದಲು ಚೆಂಡು ಮೇಜಿನ ಕಾಲಿಗೆ ತಾಗಿ ಸದ್ದಾಗುತ್ತಿತ್ತು. ಸದ್ದಾದಾಗಲೆಲ್ಲ ನಾನು ಗೋಡೆಯ ಮೇಲಿನ "ಮೌನ" ಎಂಬ ಬೋರ್ಡನ್ನು ತೋರಿಸಿ ಅವನನ್ನು ಹೊರಗೆ ಕಳಿಸುತ್ತಿದ್ದೆ. ಎರಡನೆಯ ವರ್ಷದ ಹೊತ್ತಿಗೆ ಸದ್ದೇ ಇಲ್ಲ. ನನ್ನ ಶಿಸ್ತಿಗೆ ಹುಡುಗ ಹೇಗೆ ಬಗ್ಗಿದ ನೋಡಿ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು.

ಅದೇ ಎರಡನೆಯ ವರ್ಷ ನಮ್ಮ ಕಾಲೇಜು ಅಂತರ ಕಾಲೇಜು ಪಂದ್ಯಕ್ಕೆ ಹೆಸರು ಕೊಟ್ಟಿತು. ಮೊದಲ ಸುತ್ತಿನಲ್ಲೇ ಎದುರಿಗೆ ಬಂದದ್ದು ದೊಡ್ಡ ಮೈದಾನ, ದೊಡ್ಡ ಹೆಸರು ಎರಡೂ ಇರುವ ಕಾಲೇಜು. ಅವರ ಹುಡುಗರನ್ನು ನೋಡಲು ವಿಶ್ವವಿದ್ಯಾಲಯ ತಂಡದ ಆಯ್ಕೆ ಸಮಿತಿಯವರೂ ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮಂಥ ಕಾಲೇಜಿನ ಹುಡುಗನೊಬ್ಬ ಅವರ ಕಣ್ಣಿಗೆ ಬೀಳಲು ಇದ್ದ ದಾರಿ ಅದೊಂದೇ. ಆಡುವವರು ಗುರುತಿನ ಚೀಟಿ ತೋರಿಸಬೇಕಿತ್ತು. ಗುರುತಿನ ಚೀಟಿಗೆ ಆ ವರ್ಷದ ಸೀಲು ಬೀಳಬೇಕಾದರೆ ಲೈಬ್ರರಿಯ ಪುಸ್ತಕ ಬಾಕಿ ಇರಬಾರದು. ಬಸವರಾಜನ ಹೆಸರಿನಲ್ಲಿ ಅರ್ಥಶಾಸ್ತ್ರದ ಒಂದು ಪುಸ್ತಕ ಹನ್ನೆರಡು ದಿನದಿಂದ ವಾಪಸಾಗಿರಲಿಲ್ಲ. ಅಪ್ಪನ ಟ್ರಂಕಿನಲ್ಲಿದೆ, ಅಪ್ಪ ಟ್ರಂಕಿನ ಸಮೇತ ಪನವೇಲಿನ ಸೈಟಿಗೆ ಹೋಗಿದ್ದಾರೆ, ನಾಳೆ ತಂದುಕೊಡುತ್ತೇನೆ ಎಂದ. ಹಾಗಾದರೆ ಸೀಲೂ ನಾಳೆ ಎಂದೆ. ಸೀಲು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಮ್ಯಾಚು ಇದ್ದದ್ದು ಅವತ್ತು.

ಕಾಲು ಯಾವುದು, ಚೆಂಡು ಯಾವುದು ಎಂದು ತಿಳಿದ ಹನ್ನೊಂದೇ ಜನ ನಮ್ಮಲ್ಲಿದ್ದುದರಿಂದ ಹತ್ತು ಜನ ಆಡಿದರು. ಏಳು ಗೋಲುಗಳಿಂದ ಸೋತೆವು. ಸಮಿತಿಯವರು ಅರ್ಧದಲ್ಲೇ ಎದ್ದು ಚಹಾಕ್ಕೆ ಹೋದರು. ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ ಬಸವರಾಜ, ಇರಲಿ ಬಿಡ್ರಿ ಸರ, ರೂಲ್ ಅಂದ್ರ ರೂಲ್ ಎಂದ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮರುದಿನ ಪುಸ್ತಕ ತಂದ, ಹೊಸದಾಗಿ ನ್ಯೂಸ್‌ಪೇಪರ್ ಹೊದಿಕೆ ಹಾಕಿ. ನಾನು ಸೀಲು ಒತ್ತಿದೆ.

ಆಮೇಲಿನ ಒಂಬತ್ತು ವರ್ಷದ ಕತೆ ಅವನೇ ಆಗಾಗ ಲೈಬ್ರರಿಗೆ ಬಂದು ಹೇಳಿದ್ದು. ಮರುವರ್ಷ ಕಾಲೇಜು ಪಂದ್ಯಕ್ಕೆ ಹೆಸರೇ ಕೊಡಲಿಲ್ಲ. ಪದವಿ ಮುಗಿಯಿತು. ಟೈಲ್ಸ್ ಹೊರುತ್ತಲೇ ಭಾನುವಾರದ ಟೀಮುಗಳಿಗೆ, ಕಂಪನಿಗಳ ಟೀಮುಗಳಿಗೆ ಆಡಿದ. ಬೈಕುಲ್ಲಾದ ಒಂದು ವರ್ಕ್‌ಶಾಪಿನ ಟೀಮಿಗೆ ಎರಡು ವರ್ಷ ಆಡಿದ. ಅಲ್ಲಿ ಗೋಲು ಹೊಡೆದವನಿಗೆ ಮಾಂಸದ ಖೀಮಾ ಪಾವ್ ಬಹುಮಾನ, ಇವನು ಲಿಂಗಾಯತರ ಹುಡುಗ, ಇವನ ಬಹುಮಾನ ಗೋಲ್‌ಕೀಪರ್ ತಿನ್ನುತ್ತಿದ್ದ. ಕ್ಲಬ್ಬುಗಳ ಟ್ರಯಲಿಗೆ ಹೋದಲ್ಲೆಲ್ಲ ಮೊದಲ ಪ್ರಶ್ನೆ ಯಾವ ಕಾಲೇಜು ಎಂದು. ಹೇಳಿದರೆ ಎರಡನೆಯ ಪ್ರಶ್ನೆ, ಅದೆಲ್ಲಿದೆ ಎಂದು. ಮೂರನೆಯ ಪ್ರಶ್ನೆ ಬರುತ್ತಿರಲಿಲ್ಲ. ವಯಸ್ಸು ಇಪ್ಪತ್ತನಾಲ್ಕಾಯಿತು, ಇಪ್ಪತ್ತಾರಾಯಿತು. ಜೊತೆಗೆ ಆಡಿದವರು ಆಟ ಬಿಟ್ಟು ಮದುವೆ ಮಾಡಿಕೊಂಡರು. ನನಗೋ ಅವನು ಬಂದಾಗಲೆಲ್ಲ ಆ ಸೀಲು ನೆನಪಾಗುತ್ತಿತ್ತು. ಪ್ರಾಯಶ್ಚಿತ್ತವೆಂದು ಅವನಿಗೆ ಫ್ಯಾನಿನ ಕೆಳಗಿನ ಕುರ್ಚಿ ಕೊಡುತ್ತಿದ್ದೆ, ಚಹಾ ತರಿಸುತ್ತಿದ್ದೆ, ಕೇಳದೆಯೇ ಚೆಂಡನ್ನೂ ತೆಗೆದುಕೊಡುತ್ತಿದ್ದೆ. ಬಾಯಿಬಿಟ್ಟು ಕ್ಷಮಿಸು ಎನ್ನಲು ಮಾತ್ರ ಆಗಲಿಲ್ಲ.

ಇಪ್ಪತ್ತೆಂಟಕ್ಕೆ ಶಿವಪ್ಪನವರು ಗಡುವು ಹಾಕಿದರು. ವಿಕ್ರೋಳಿಯ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ ಮಾತಾಡಿಟ್ಟಿದ್ದೇನೆ, ದೀಪಾವಳಿವರೆಗೆ ನಿನ್ನ ಆಟ, ಆಮೇಲೆ ಆ ಕೆಲಸ ಎಂದರು. ಅವರದೂ ತಪ್ಪಲ್ಲ. ಗಣೇಶ ಚತುರ್ಥಿ ಕಳೆದ ವಾರ ಒಂದು ವೃತ್ತಿಪರ ಕ್ಲಬ್ಬಿನವರಿಗೆ ಅಭ್ಯಾಸದ ಪಂದ್ಯಕ್ಕೆ ಒಬ್ಬ ಕಡಿಮೆ ಬಿದ್ದ. ಯಾರಿಗೋ ಜ್ವರ. ಯಾರೋ ಇವನ ಹೆಸರು ಹೇಳಿದರು. ಹೋಗಿ ಆಡಿದ. ಗೋವಾದ ಕೋಚ್, ಕಾಲೇಜು ಯಾವುದೆಂದು ಕೇಳಲೇ ಇಲ್ಲವಂತೆ. ನಾಳೆಯೂ ಬಾ ಎಂದರು. ಹೀಗೆ ನಾಳೆ ಬಾ, ನಾಳೆ ಬಾ ಎಂದು ಹದಿನೈದು ದಿನ ನಡೆಯಿತು. ಕೊನೆಗೊಂದು ಫಾರಂ ಕೊಟ್ಟರು. ಅದರಲ್ಲಿ ಹಿಂದಿನ ತರಬೇತುದಾರರ ಪತ್ರ ಲಗತ್ತಿಸಬೇಕು ಎಂದಿತ್ತು. ಬಸವರಾಜ ಫಾರಂ ಹಿಡಿದು ನನ್ನ ಮೇಜಿನ ಮುಂದೆ ನಿಂತು, "ಸರ, ನನಗ ಬ್ಯಾರೆ ಯಾರೂ ಇಲ್ರಿ," ಎಂದ.

ತರಬೇತುದಾರ! ಆಫ್‌ಸೈಡ್ ಎಂದರೆ ಏನೆಂದು ನನಗೆ ಇವತ್ತಿಗೂ ಯಾರೂ ತಿಳಿಯುವಂತೆ ಹೇಳಿಲ್ಲ. ಆ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಶಿಸ್ತಿನ ಹುಡುಗ, ಪರಿಶ್ರಮಿ ಎಂದೆಲ್ಲ ಬರೆದದ್ದು ನನಗೇ ಸುಳ್ಳಿನಂತೆ ಕಂಡಿತು. ಐದನೆಯ ಸಲ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಇವನಿಗೆ ನಾನು ಏನನ್ನೂ ಕಲಿಸಿಲ್ಲ. ಇವನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದೊಡ್ಡವರ ಕಣ್ಣಿಗೆ ಬೀಳಬಹುದಾಗಿದ್ದ ಒಂದೇ ಪಂದ್ಯದಲ್ಲಿ, ಒಂದು ಪುಸ್ತಕದ ಸಲುವಾಗಿ ಇವನನ್ನು ಹೊರಗಿಟ್ಟವನು ನಾನು. ಇವನು ತಡವಾಗಿ ಬಂದಿದ್ದರೆ ತಪ್ಪು ನನ್ನದು, ದಯವಿಟ್ಟು ಆ ವರ್ಷಗಳನ್ನು ಇವನ ಲೆಕ್ಕಕ್ಕೆ ಹಿಡಿಯಬೇಡಿ. ಲಕೋಟೆಗೆ ಗೋಂದು ಹಚ್ಚಿ ಕೊಟ್ಟು ಆ ದಿನ ಊಟ ಬಿಟ್ಟೆ. ಹೆಂಡತಿ ಗ್ಯಾಸಿನ ಮಾತ್ರೆ ಕೊಟ್ಟಳು.

ನಾಲ್ಕು ದಿನಕ್ಕೆ ಫೋನು ಬಂತು. ಸೇರಿಸಿಕೊಂಡರು, ತಿಂಗಳ ಸಂಬಳದ ಆಟಗಾರ. ಆದರೆ ಮೊದಲ ಐದು ಪಂದ್ಯ ಅವನನ್ನು ಇಳಿಸಲೇ ಇಲ್ಲ. ಆರನೆಯದು ಅಂಧೇರಿ ಕಡೆಯ ಒಂದು ಸ್ಟೇಡಿಯಮ್ಮಿನಲ್ಲಿ, ದೀಪಾವಳಿಗೆ ಮೂರು ದಿನ ಮೊದಲು, ಭಾನುವಾರ ಮಧ್ಯಾಹ್ನ. ಶಿವಪ್ಪನವರನ್ನು ಕರೆದುಕೊಂಡು ಹಾರ್ಬರ್ ಲೈನ್ ಹಿಡಿದು ಹೋದೆ. ಅವರು ಆಟ ನೋಡಿದ್ದು ಕಡಿಮೆ, ಗೋಡೆ ಸವರಿ ನೋಡಿದ್ದು ಹೆಚ್ಚು. ಪ್ಲಾಸ್ಟರ್ ಚಲೋ ಮಾಡ್ಯಾರ ಎಂದು ಸ್ಟೇಡಿಯಮ್ಮಿಗೆ ಪಾಸ್ ಮಾರ್ಕು ಕೊಟ್ಟರು. ಆಮೇಲೆ ಬೆಂಚಿನ ಕಡೆ ಕೈ ತೋರಿಸಿ, ನಮ್ಮ ಹುಡುಗ ಯಾಕ ಕುಂತಾನ್ರಿ ಎಂದು ಕೇಳಿದರು. ಜಗತ್ತಿನಲ್ಲಿ ಎಲ್ಲರನ್ನೂ ಬಿಟ್ಟು ನನ್ನನ್ನೇ ಕೇಳಬೇಕೇ ಆ ಪ್ರಶ್ನೆ? ನಾನು ನೀರಿನ ಬಾಟಲಿ ಅವರ ಕೈಗಿತ್ತೆ.

ಎಪ್ಪತ್ತನೆಯ ನಿಮಿಷ. ಎರಡೂ ಕಡೆ ಒಂದೊಂದು ಗೋಲು. ಬಸವರಾಜ ಎದ್ದು ಅಂಗಿ ಸರಿಮಾಡಿಕೊಂಡು ಒಳಗೆ ಓಡಿದ. ಮೊದಲ ಸಲ ಚೆಂಡು ಕಾಲಿಗೆ ಬಂದಾಗ ಮೂವರು ಮುತ್ತಿದರು. ಇವನು ಚೆಂಡನ್ನು ಅಂಗಾಲಿನ ಅಡಿಯಲ್ಲಿ ಹಿಂದಕ್ಕೆಳೆದು, ಕೆಳಗೆ ನೋಡದೆ, ಮೇಜಿನ ಮುಂದೆ ಕೂತು ಓದುತ್ತಿದ್ದಾಗಿನ ಅದೇ ಮುಖದಲ್ಲಿ ನಿಂತಿದ್ದ. ಮೂವರಿಗೂ ಚೆಂಡು ಎಲ್ಲಿದೆ ಎಂದು ತಿಳಿಯಲಿಲ್ಲ. ನನ್ನ ಹಿಂದೆ ಕೂತಿದ್ದ ಯಾರೋ, ಇವನ ಕಾಲಿನಲ್ಲಿ ಚೆಂಡು ಸದ್ದೇ ಮಾಡುವುದಿಲ್ಲವಲ್ಲ ಎಂದು ಮರಾಠಿಯಲ್ಲಿ ಬೆರಗಾದರು. ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಗೋಲಿಗೆ ಬೆನ್ನು ಮಾಡಿ ಚೆಂಡು ಹಿಡಿದ. ಎಡಕ್ಕೆ ತೋರಿಸಿ ಬಲಕ್ಕೆ ತಿರುಗಿ ನೆಲಕ್ಕೆ ಅಂಟಿದಂತೆ ಒದ್ದ. ಬಲೆಯ ಮೂಲೆ ಅಲುಗಾಡಿದ್ದನ್ನು ನಾನು ಈ ಕಣ್ಣಿನಿಂದ ಕಂಡೆ. ಮೂವತ್ತು ವರ್ಷ ಊರಿಗೆಲ್ಲ ಮೌನ ಕಲಿಸಿದ ನಾನು ಕುರ್ಚಿಯ ಮೇಲೆ ಹತ್ತಿ ಕೂಗಿದ ಕೂಗಿಗೆ ಕೆಳಗೆ ನಿಂತಿದ್ದ ಪೊಲೀಸ್ ತಿರುಗಿ ನೋಡಿದ. ಶಿವಪ್ಪನವರು ನನ್ನ ಸೊಂಟ ಹಿಡಿದುಕೊಂಡಿದ್ದರು, ನಾನು ಬೀಳದಿರಲೆಂದೋ ತಾವು ಬೀಳದಿರಲೆಂದೋ ಗೊತ್ತಿಲ್ಲ. ಇಬ್ಬರೂ ಅಳುತ್ತಿದ್ದೆವು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಗೇಟಿನ ಹೊರಗೆ ಬಸವರಾಜ ಬಂದು ಅಪ್ಪನ ಕಾಲು ಮುಟ್ಟಿದ. ಶಿವಪ್ಪನವರು ಫ್ಯಾಕ್ಟರಿಯವರಿಗೆ ಬ್ಯಾರೆ ಮಂದಿ ಸಿಗ್ತಾರ ಬಿಡು ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಒಂಬತ್ತು ವರ್ಷ ಹೇಳದೆ ಉಳಿದದ್ದನ್ನು ನಾನೂ ಆಗ ಆಡಿಯೇಬಿಟ್ಟೆ. ನನ್ನಿಂದ ನಿನ್ನ ಒಂಬತ್ತು ವರ್ಷ ಹಾಳಾಯಿತು, ಕ್ಷಮಿಸಪ್ಪ ಎಂದೆ. ಅವನು ನಕ್ಕ. ಆ ಪತ್ರವನ್ನು ಕೋಚ್ ಓದಿ ತೋರಿಸಿದ್ದರಂತೆ. ಆದರೆ ಅದು ತಲುಪುವ ಹಿಂದಿನ ದಿನವೇ ಅವನ ಹೆಸರು ಸೇರಿಸಿಯಾಗಿತ್ತು, ಪತ್ರ ಬರೀ ಫೈಲಿಗೆ.

"ಮತ್ತ ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ ಸರ," ಎಂದ. "ಅವತ್ತ ನೀವು ಸೀಲ್ ಒತ್ತಿದ್ರೂ ನನ್ನ ಯಾರೂ ತಗೋತಿದ್ದಿಲ್ಲ. ಹತ್ತೊಂಬತ್ತರಾಗ ನಾ ಏನ್ ಅಷ್ಟ ಚಲೋ ಆಡ್ತಿದ್ದಿಲ್ರಿ. ಏಳು ಗೋಲಿಂದ ಸೋತಿದ್ವಿ, ನಾ ಇದ್ದಿದ್ರ ಆರರಿಂದ ಸೋಲ್ತಿದ್ವಿ. ನನಗ ಆಟ ತಿಳಿದಿದ್ದೇ ಇಪ್ಪತ್ತಾರು ದಾಟಿದ ಮ್ಯಾಲೆ. ನೀವು ಸುಮ್ನ ಟೆನ್ಶನ್ ತಗೊಂಡ್ರಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅಂದರೆ ನಿಮ್ಮಿಂದ ಅವನಿಗೆ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ, ನೀವು ಹೊರಳಾಡಿದ್ದಕ್ಕೆ ಒಂಬತ್ತು ವರ್ಷ ನಿದ್ದೆ ಕೆಟ್ಟದ್ದು ಪಕ್ಕದಲ್ಲಿ ಮಲಗಿದ ನನಗೆ ಮಾತ್ರ ಎಂದು ಅವಳು ಚಹಾಕ್ಕೆ ನೀರಿಟ್ಟಳು. ಪತ್ರಿಕೆಯ ಫೋಟೋ ನೋಡಿ ನಾಳೆ ಒಬ್ಬ ಪತ್ರಕರ್ತ ಕಾಲೇಜಿಗೆ ಬರುತ್ತಾನಂತೆ, ಬಸವರಾಜನ ಜೀವನದಲ್ಲಿ ನಿಮ್ಮ ಪಾತ್ರವೇನು ಎಂದು ನನ್ನನ್ನೂ ಕೇಳುತ್ತಾನಂತೆ. ಬೆಳೆಸಿದೆ ಎಂದರೆ ಸುಳ್ಳಾಗುತ್ತದೆ ಎಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಈಗ ನೋಡಿದರೆ, ಅಡ್ಡ ಬಂದೆ ಎಂದು ಹೇಳಿಕೊಂಡರೂ ಬಡಾಯಿ ಕೊಚ್ಚಿಕೊಂಡ ಹಾಗಾಗುತ್ತದೆ.