ಅಕ್ಕನ ಗಿನಿಪಿಗ್ಗೂ ನನ್ನ ಹೊಟ್ಟೆಯುರಿಯೂ

ನಮ್ಮಕ್ಕ ಯಾರನ್ನೂ ಮುಖ ನೋಡಿ ಮಾತಾಡಿಸುವುದಿಲ್ಲ, ಹೊಟ್ಟೆ ನೋಡಿ ಮಾತಾಡಿಸುತ್ತಾಳೆ! ಅನುಮಾನವಿದ್ದರೆ ಒಮ್ಮೆ ತಿ. ನರಸೀಪುರಕ್ಕೆ ಹೋಗಿ ಅವಳ ಮನೆ ಬಾಗಿಲು ತಟ್ಟಿ ನೋಡಿ. ಲೋಕವೆಲ್ಲ "ಚೆನ್ನಾಗಿದ್ದೀರಾ?" ಅಂತ ಕೇಳುವ ಕಡೆ ಅವಳು "ಹೊಟ್ಟೆ ಹೇಗಿದೆ?" ಅನ್ನುತ್ತಾಳೆ. ಸಿಲಿಂಡರ್ ತರುವವನಿಗೂ ಅದೇ ಪ್ರಶ್ನೆ, ಮತ ಕೇಳಲು ಕೈ ಮುಗಿದು ನಿಂತವರಿಗೂ ಅದೇ ಪ್ರಶ್ನೆ.

ನನ್ನ ಮಗಳಿಗೆ ಗಂಡು ನೋಡಲು ಬನ್ನೂರಿಗೆ ಹೋಗಿದ್ದೆವು. ನಾವೆಲ್ಲ ಹುಡುಗನ ಕೆಲಸ, ಗದ್ದೆ, ಗುಣ ಅಂತ ವಿಚಾರಿಸುತ್ತಿದ್ದರೆ ಇವಳು ನಡುವೆ ಬಾಯಿ ಹಾಕಿ, "ಹುಳಿತೇಗು ಬರುತ್ತೇನಪ್ಪಾ?" ಅಂದಳು! ಹುಡುಗನ ತಾಯಿಯ ಮುಖ ಗಂಟಾಯಿತು. ಹುಡುಗ ಮಾತ್ರ ಪಾಪ, "ಬರ್ತದೆ ಅತ್ತೆ, ಸಂಜೆ ಹೊತ್ತು" ಅಂತ ಒಪ್ಪಿಕೊಂಡುಬಿಟ್ಟ. ಅಕ್ಕ ಅಲ್ಲೇ ಅವರ ಅಡಿಗೆಮನೆಗೆ ನುಗ್ಗಿ ಓಮದ ಕಷಾಯ ಕಾಯಿಸಿ ಕುಡಿಸಿದಳು. ಮದುವೆಯಾಯಿತು. ನಮ್ಮಳಿಯ ಇವತ್ತಿಗೂ ಡಾಕ್ಟರಿಗಿಂತ ಮೊದಲು ಅಕ್ಕನಿಗೆ ಫೋನ್ ಮಾಡುತ್ತಾನೆ.

ಆದರೆ ಈ ಹೊಟ್ಟೆಗಳ ರಾಜ್ಯದಲ್ಲಿ ಐವತ್ತೆರಡು ವರ್ಷದಿಂದ ಪಟ್ಟದ ಮೇಲಿದ್ದವನು ನಾನು! ನಾನು ಹುಟ್ಟಿದ ಮೂರು ತಿಂಗಳಿಗೆ ಅಮ್ಮ ತೀರಿಕೊಂಡಳು. ಹನ್ನೊಂದು ವರ್ಷದ ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದಳು. ನನಗೆ ಹಾಲು ಕುಡಿಸಿದ ಬೆಳ್ಳಿಯ ಪುಟ್ಟ ಒಳಲೆಯನ್ನು ಮದುವೆಯಾಗಿ ಹೋಗುವಾಗ ಒಡವೆಗಳ ಜೊತೆ ಗಂಟು ಕಟ್ಟಿಕೊಂಡು ಹೋದಳು. ಅದರ ಮೂತಿಯಲ್ಲಿ ಒಂದು ತಗ್ಗಿದೆ. ಅದು ನನ್ನ ಮೊದಲ ಹಲ್ಲಿನ ಪರಾಕ್ರಮವಂತೆ! ಮನೆಗೆ ಬಂದವರಿಗೆಲ್ಲ ಅದನ್ನು ತೆಗೆದು ತೋರಿಸುತ್ತಾಳೆ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿ ಯಾರ ಲೆಕ್ಕಕ್ಕೂ ಇಲ್ಲದ ನನಗೆ ಆ ಒಂದು ಮನೆಯಲ್ಲಿ ಮಾತ್ರ ರಾಜಮರ್ಯಾದೆ. ದಿನಾ ಬೆಳಗ್ಗೆ ಏಳು ಗಂಟೆಗೆ ತಪ್ಪದೆ ಅವಳ ಫೋನು: "ಮರಿ, ಹೊಟ್ಟೆ ಹೇಗಿದೆಯೋ?"

ಈ ವೈಭವಕ್ಕೆ ಕಲ್ಲು ಬಿದ್ದದ್ದು ಹೋದ ವರ್ಷ. ಅಕ್ಕನ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದ ಬ್ಯಾಂಕಿನವರಿಗೆ ವರ್ಗವಾಯಿತು. ಹೋಗುವಾಗ ಒಂದು ಪಂಜರ ತಂದು, "ಹೊಸ ಮನೆ ಸಿಗೋವರೆಗೂ ನೋಡ್ಕೊಳ್ಳಿ ಆಂಟಿ" ಅಂತ ಇಟ್ಟುಹೋದರು. ಒಳಗೆ ಒಂದು ಗಿನಿಪಿಗ್. ಇಲಿ ಅನ್ನೋಣವೆಂದರೆ ಬಾಲವಿಲ್ಲ, ಮೊಲ ಅನ್ನೋಣವೆಂದರೆ ಉದ್ದ ಕಿವಿಯಿಲ್ಲ! ಅಂಥದ್ದಕ್ಕೆ ಬೇರೆ ಹುಟ್ಟಿದಾಗಿನಿಂದ ಅಜೀರ್ಣವಂತೆ. ನಮ್ಮಕ್ಕನಿಗೆ ಇನ್ನೇನು ಬೇಕು? ದೇವರೇ ಹುಡುಕಿಕೊಂಡು ಮನೆಗೆ ಬಂದ ಹಾಗಾಯಿತು.

ಮಾರನೆಯ ದಿನ ಏಳು ಗಂಟೆಗೆ ಫೋನು ಬರಲಿಲ್ಲ. ಏಳೂವರೆಗೆ ನಾನೇ ಮಾಡಿದೆ.

"ಇರು ಮರಿ, ಕೂಸು ಹಿಕ್ಕೆ ಹಾಕ್ತಾ ಇದೆ, ಎಣಿಸ್ತಾ ಇದೀನಿ" ಅಂದಳು!

ಯಾವ ಕೂಸು? ಯಾರ ಹಿಕ್ಕೆ? ನನ್ನ ಹೊಟ್ಟೆಯ ವಿಷಯ ಏನಾಯಿತು? ಅವತ್ತು ನನಗೆ ನಿಜಕ್ಕೂ ಗ್ಯಾಸ್ ಹಿಡಿದಿತ್ತು. ಹೇಳಿದರೆ, "ಬಿಸಿನೀರು ಕುಡಿ" ಅಂತ ಫೋನಿಟ್ಟಳು. ಬಿಸಿನೀರಂತೆ! ದಾರಿಯಲ್ಲಿ ಹೋಗುವವರಿಗೂ ಓಮದ ಕಷಾಯ ಕೊಡುವವಳು ತಮ್ಮನಿಗೆ ಬರೀ ಬಿಸಿನೀರು. ನನಗೆ ಹೊಟ್ಟೆಕಿಚ್ಚು ಬಂತು. ಮುಚ್ಚಿಡುವುದು ಯಾಕೆ? ಮಗಳ ಮದುವೆ ಮಾಡಿದ ಗಂಡಸಿಗೆ, ಮುಂಗೈಯಷ್ಟುದ್ದದ ಪ್ರಾಣಿಯ ಮೇಲೆ ಹೊಟ್ಟೆಕಿಚ್ಚು!

ಭಾನುವಾರ ವೈರಿಯನ್ನು ಕಣ್ಣಾರೆ ನೋಡೋಣವೆಂದು ಬಸ್ಸು ಹತ್ತಿದೆ. ಅಕ್ಕನ ಮನೆಗೆ ಬರಿಗೈಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಹಿತ್ತಲಿನ ರಸಬಾಳೆ ಒಂದು ಚಿಪ್ಪು ಕೈಚೀಲದಲ್ಲಿತ್ತು. ಅಕ್ಕನ ಇನ್ನೊಂದು ವಿಚಿತ್ರ ಕೇಳಿ: ನಂಜನಗೂಡಿನಲ್ಲಿ ಹುಟ್ಟಿದ ಈ ಹೆಂಗಸು ರಸಬಾಳೆ ಮುಟ್ಟುವುದಿಲ್ಲ! ತವರಿನಿಂದ ಬಂದದ್ದು ಅಂತ ಕಣ್ಣಿಗೊತ್ತಿಕೊಂಡು ಭಾವನ ಕೈಗೆ ಕೊಟ್ಟುಬಿಡುತ್ತಾಳೆ. ಯಾಕೆ ಅಂದರೆ, "ನಂಗೆ ಸೇರಲ್ಲ" ಅನ್ನುತ್ತಾಳೆ. ಹುಚ್ಚು ಅಂತ ನಾನೂ ಸುಮ್ಮನಿದ್ದೆ.

ಹೋಗಿ ನೋಡಿದರೆ ಕಿಟಕಿ ಪಕ್ಕದ ಮಂಚ, ನಾನು ಊಟವಾದ ಮೇಲೆ ಒರಗುವ ಮಂಚ, ಅದರ ಮೇಲೆ ಪಂಜರ! ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ದಿನಕ್ಕಿಷ್ಟು ಹಿಕ್ಕೆ ಅಂತ ಗುರುತು. ಗಣಪತಿಗೆ ಇಪ್ಪತ್ತೊಂದು ಎಳೆ ಗರಿಕೆ ಇಟ್ಟರೆ ಇದಕ್ಕೆ ಒಂದು ಮುಷ್ಟಿ.

ಭಾವ ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದವರು, "ನೋಡಯ್ಯ, ಮದ್ವೆಯಾಗಿ ನಲವತ್ತು ವರ್ಸ ಆಯ್ತು. ಒಂದಿನ ನಂಗೆ ಇಷ್ಟು ಸಣ್ಣಕೆ ಸೌತೆಕಾಯಿ ಎಚ್ಕೊಟ್ಟಿದ್ರೆ ಕೇಳು" ಅಂದರು.

"ನಿಮ್ಮ ಹೊಟ್ಟೆಗೇನ್ರೀ ಬಂದಿದೆ? ಕಲ್ಲು ತಿಂದ್ರೂ ಕರಗುತ್ತೆ" ಅಂತ ಒಳಗಿಂದ ಅಕ್ಕನ ದನಿ.

ಊಟಕ್ಕೆ ಮುಂಚೆ ಅಕ್ಕ ಚೀಲ ಹಿಡಿದು ಹೊಳೆದಂಡೆಗೆ ಗರಿಕೆ ಕೀಳಲು ಹೊರಟಳು. "ಅದಕ್ಕೆ ಏನೂ ಕೊಡ್ಬೇಡ ಮರಿ, ಸಿಹಿ ಆಗಲ್ಲ" ಅಂತ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿ ಹೋದಳು. ಭಾವ ಪೇಪರ್ ಮಡಚಿಟ್ಟು ಸ್ನಾನಕ್ಕೆ ಹೋದರು. ಉಳಿದವರು ನಾನು ಮತ್ತು ಅದು. ನಾನು ಚೀಲಕ್ಕೆ ಕೈ ಹಾಕಿದ ಸದ್ದಿಗೆ ಅದು ಪಂಜರದ ಸರಳು ಹಿಡಿದು ನಿಂತು "ಕುಯ್ಯೀ ಕುಯ್ಯೀ" ಅಂತ ಕೂಗಿತು. ನನಗೊಂದು ಕೆಟ್ಟ ಯೋಚನೆ ಬಂತು. ಕೆಟ್ಟದ್ದು ಅಂತ ಆಗ ಅನ್ನಿಸಲಿಲ್ಲ, ಬಹಳ ಜಾಣತನದ್ದು ಅನ್ನಿಸಿತು. ಇದನ್ನು ನನ್ನ ಕಡೆ ಒಲಿಸಿಕೊಂಡುಬಿಟ್ಟರೆ? ಅಕ್ಕ ಬರುವಷ್ಟರಲ್ಲಿ ಇದು ಅವಳನ್ನು ಬಿಟ್ಟು ನನ್ನ ಹಿಂದೆ ಬಿದ್ದಿದ್ದರೆ? ಅವಳಿಗೂ ಗೊತ್ತಾಗಲಿ, ಪಕ್ಕಕ್ಕಿಟ್ಟರೆ ಹೇಗಿರುತ್ತದೆ ಅಂತ! ಜೊತೆಗೆ, ಜ್ವರ ಬಿಟ್ಟವರಿಗೆ, ಹಲ್ಲಿಲ್ಲದ ಮುದುಕರಿಗೆ, ಎಲ್ಲರಿಗೂ ರಸಬಾಳೆಯೇ ಪಥ್ಯ ಎನ್ನುವ ಊರಿನವನು ನಾನು. ಅದು ಹೊಟ್ಟೆ ಕೆಡಿಸುತ್ತದೆ ಅಂದರೆ ನಂಬುವುದು ಹೇಗೆ? ಒಂದು ಸುಲಿದು ಕೊಟ್ಟೆ. ಕಣ್ಣು ಮುಚ್ಚಿಕೊಂಡು ತಿಂದಿತು. ಇನ್ನೊಂದಕ್ಕೆ ಬಾಯಿ ತೆರೆಯಿತು. ಅದನ್ನೂ ಕೊಟ್ಟು, ಸಿಪ್ಪೆಗಳನ್ನು ಜೇಬಿಗೆ ಹಾಕಿಕೊಂಡು, ಅಕ್ಕ ಬಂದಾಗ ಪೇಪರ್ ಹಿಡಿದು ಕೂತಿದ್ದೆ. ಅವತ್ತು ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಗೆದ್ದವನ ಹಾಗೆ ಕಾಲು ಚಾಚಿ ಕೂತಿದ್ದೆ.

ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಫೋನು ಬಂತು. ಅಕ್ಕ ಅಲ್ಲ, ಭಾವ.

"ಅದು ನೆನ್ನೆಯಿಂದ ಏನೂ ತಿಂತಿಲ್ಲ ಕಣಯ್ಯ. ಹಿಕ್ಕೆನೂ ಇಲ್ಲ. ಒಟ್ಟೆ ಊದ್ಕೊಂಡು ಮೂಲೇಲಿ ಕುಂತದೆ. ನಿಮ್ಮಕ್ಕನೂ ಬಾಯಿಗೆ ನೀರು ಆಕಿಲ್ಲ."

ಸ್ಕೂಲಿಗೆ ರಜೆ ಹೇಳಿ ಓಡಿದೆ. ಅಕ್ಕ ಆಗಲೇ ಪಂಜರ ಮಡಿಲಲ್ಲಿಟ್ಟುಕೊಂಡು ದನದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೀಮೆಹಸು ಹಿಡಿದು ನಿಂತಿದ್ದ ರೈತನೊಬ್ಬ ಬಗ್ಗಿ ನೋಡಿ, "ಏನವ್ವ ಇದು? ಆಲು ಕೊಟ್ಟದಾ?" ಅಂದ.

"ಇಲ್ಲಪ್ಪ."

"ಗೊಬ್ರ?"

"ಅದೇ ಕಣಪ್ಪ, ಎರಡು ದಿನದಿಂದ ಇಲ್ಲ" ಅಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. ಆ ಮನುಷ್ಯ ತನ್ನ ಸರದಿಯನ್ನು ಅವಳಿಗೆ ಬಿಟ್ಟುಕೊಟ್ಟ.

ಡಾಕ್ಟರು ಒಳ್ಳೆಯವರು. "ನಾನು ಹಸು, ಎಮ್ಮೆ ನೋಡೋನು ತಾಯಿ" ಅಂತ ಮೈಸೂರಿನಲ್ಲಿ ಸಣ್ಣ ಪ್ರಾಣಿಗಳನ್ನು ನೋಡುವ ಸ್ನೇಹಿತರಿಗೆ ಫೋನ್ ಮಾಡಿ, ಕೇಳಿ ಕೇಳಿ ಬರೆದುಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ, "ಸಿಹಿ ಏನಾದ್ರೂ ಕೊಟ್ರಾ? ಹಣ್ಣು ಗಿಣ್ಣು? ಸರಿಯಾಗಿ ಹೇಳ್ಬೇಕು, ಔಷಧಿ ಅದ್ರ ಮೇಲೆ ಕೊಡ್ಬೇಕು" ಅಂದರು.

"ಇಲ್ಲ ಸಾರ್. ನಮ್ಮನೇಲಿ ಯಾರೂ ಕೊಡಲ್ಲ."

ನಾನು ಗೋಡೆಯ ಮೇಲಿದ್ದ ಕಾಲುಬಾಯಿ ರೋಗದ ಚಾರ್ಟನ್ನು ಪರೀಕ್ಷೆಗೆ ಕೂತವನ ಹಾಗೆ ಓದುತ್ತಿದ್ದೆ. ಹೇಳಿದರೆ ಅಕ್ಕ ಇನ್ನೆಂದೂ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಆ ಪ್ರಾಣಿ? ಅದು ಪಂಜರದ ಮೂಲೆಯಲ್ಲಿ ಮುದುಡಿ ಹಲ್ಲು ಕಡಿಯುತ್ತಿತ್ತು.

"ಒಂಚೂರು ಬಾಳೆಹಣ್ಣು..." ಅಂದೆ.

"ಒಂಚೂರು ಅಂದ್ರೆ?"

"ಅರ್ಧ."

"ಅರ್ಧಾನೇನಾ?"

"ಒಂದು. ಆಮೇಲೆ... ಇನ್ನೊಂದು."

"ಎಲ್ಡಾ!" ಅಂತ ಬಾಗಿಲಿಂದ ರೈತ ಕೂಗಿದ. "ಆ ಸೈಜಿಗೆ ಎಲ್ಲಿ ಇಡುಸ್ತು ಸಾ?"

ಅಕ್ಕ ನನ್ನ ಕಡೆ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಡಾಕ್ಟರು ಕೊಟ್ಟ ಔಷಧಿ ತೆಗೆದುಕೊಂಡು ಮನೆಯ ಕಡೆ ಮುಂದೆ ಮುಂದೆ ನಡೆದಳು. ನಾನು ಪಂಜರ ಹೊತ್ತು ಹಿಂದೆ ಹಿಂದೆ.

ಒಣಹುಲ್ಲನ್ನು ನುಣ್ಣಗೆ ಪುಡಿ ಮಾಡಿ, ನೀರಲ್ಲಿ ಕಲಸಿ, ಎರಡು ಗಂಟೆಗೊಮ್ಮೆ ತೊಟ್ಟು ತೊಟ್ಟಾಗಿ ಕುಡಿಸಬೇಕು, ಹೊಟ್ಟೆ ನೀವಬೇಕು. ಡಾಕ್ಟರು ಕೊಟ್ಟ ಸೂಜಿಯಿಲ್ಲದ ಸಿರಿಂಜ್ ಕಂಡರೆ ಅದು ತಲೆ ತಿರುಗಿಸುತ್ತಿತ್ತು. ಅಕ್ಕ ಎದ್ದು ಹೋಗಿ ಬೀರುವಿನಿಂದ ಏನೋ ತಂದಳು. ನೋಡಿದರೆ ಒಳಲೆ! ನನ್ನ ಒಳಲೆ! ನನ್ನ ಹಲ್ಲಿನ ತಗ್ಗಿರುವ ಆ ಮೂತಿಗೆ ಗಿನಿಪಿಗ್ ಬಾಯಿ ಕೊಟ್ಟು ಚಪ್ಪರಿಸಿತು. ಮಾಡಿದ ತಪ್ಪಿಗೆ ಕುಗ್ಗಿಹೋಗಿದ್ದೆನಲ್ಲ, ಆಗಲೂ, ಆಣೆ ಮಾಡಿ ಹೇಳುತ್ತೇನೆ, ನನ್ನ ಹೊಟ್ಟೆ ಉರಿಯಿತು.

ಅದನ್ನು ಅಕ್ಕ ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಮಡಿಲಿಗೆ ಇಟ್ಟಳು. "ಬಿಗಿಯಾಗಿ ಹಿಡೀಬೇಡ. ಎರಡು ಬೆರಳಲ್ಲಿ ಮೆಲ್ಲಗೆ ಹೊಟ್ಟೆ ನೀವ್ತಾ ಇರು" ಅಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳಾಡಿದ ಮೊದಲ ಮಾತು. ನೀವಿದೆ. ಆ ಪುಟ್ಟ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತ್ತು. ಅವತ್ತೂ ಮಾರನೆಯ ದಿನವೂ ಇಬ್ಬರೂ ಸರದಿಯ ಮೇಲೆ ಕೂತೆವು.

ಬುಧವಾರ ಮಧ್ಯಾಹ್ನ, ನನ್ನ ಪಂಚೆಯ ಮೇಲೆ ಒಂದು ಹಿಕ್ಕೆ ಬಿತ್ತು. ಆಮೇಲೆ ಎರಡು. ಆಮೇಲೆ ಆರು!

"ಅಕ್ಕಾ!" ಅಂತ ಕಿರುಚಿದೆ. ಭಾವ ಪೇಪರ್ ಬಿಸಾಕಿ ಓಡಿಬಂದು, "ಕ್ಯಾಲೆಂಡರ್‌ನಲ್ಲಿ ಬರೀಲಾ?" ಅಂದರು. ಮೂರು ಜನ ದೊಡ್ಡವರು ಹಿಕ್ಕೆ ನೋಡಿ ಹಾಗೆ ಕುಣಿದದ್ದನ್ನು ಯಾರಾದರೂ ಕಂಡಿದ್ದರೆ ನಮ್ಮ ಮಾನ ಹೋಗುತ್ತಿತ್ತು.

ಭಾವ ಹೊರಗೆ ಹೋದ ಮೇಲೆ, "ತಪ್ಪಾಯ್ತು ಅಕ್ಕ" ಅಂದೆ.

ಅವಳು ಒಳಲೆಯನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದಳು. "ನಾನೂ ಕೊಟ್ಟಿದ್ದೆ ಕಣೋ" ಅಂದಳು.

"ಯಾರಿಗೆ? ಇದಕ್ಕಾ?"

"ನಿಂಗೆ. ಆಗ ನಿಂಗೆ ನಾಕು ತಿಂಗಳು. ಅಮ್ಮ ಹೋಗಿ ಒಂದು ತಿಂಗಳಾಗಿತ್ತು. ಅಪ್ಪ ಗದ್ದೇಲಿದ್ರು. ನೀನು ಅಳು ನಿಲ್ಲಿಸ್ಲೇ ಇಲ್ಲ. ಹಸಿವೇನೋ ಅಂತ ರಸಬಾಳೆ ಕಿವುಚಿ ತಿನ್ನಿಸ್ಬಿಟ್ಟೆ. ಪೂರ್ತಿ ಒಂದು ಹಣ್ಣು. ಸಂಜೆಗೆ ನಿನ್ನ ಹೊಟ್ಟೆ ಹಿಂಗೇ ಬಿಗ್ಕೊಂಡು, ಕಣ್ಣು ಮೇಲಕ್ಕೆ ಹೋಯ್ತು. ಮೂರು ದಿನ ಆಸ್ಪತ್ರೇಲಿದ್ದೆ ಮರಿ ನೀನು. ಏನ್ ಕೊಟ್ರಿ, ಏನ್ ಕೊಟ್ರಿ ಅಂತ ಡಾಕ್ಟ್ರು ಕೇಳ್ತಾನೇ ಇದ್ರು. ನಾನು ಬಾಯಿ ಬಿಡ್ಲಿಲ್ಲ. ಅಪ್ಪನಿಗೂ ಹೇಳ್ಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ." ಒಳಲೆ ಒರೆಸುವುದನ್ನು ನಿಲ್ಲಿಸಿದಳು. "ನೀನಾದ್ರೂ ಹೇಳ್ಬಿಟ್ಟೆ."

ದಿನಾ ಬೆಳಗ್ಗೆ ಏಳು ಗಂಟೆಯ ಫೋನು ನೆನಪಾಯಿತು. ಅದನ್ನು ನನಗೆ ಸಲ್ಲಬೇಕಾದ ಮರ್ಯಾದೆ ಅಂದುಕೊಂಡು ಬೀಗುತ್ತಿದ್ದೆನಲ್ಲ! ಹನ್ನೊಂದು ವರ್ಷದ ಹುಡುಗಿಯೊಬ್ಬಳು ಇನ್ನೂ ಹೆದರಿಕೊಂಡೇ ಕೇಳುತ್ತಿದ್ದಳು. ಊರಿನವರ ಹೊಟ್ಟೆಯನ್ನೆಲ್ಲ ವಿಚಾರಿಸಿದ ಅವಳನ್ನು ಅದೊಂದು ಮಾತು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಅಕ್ಕ, ನಿನ್ನ ಹೊಟ್ಟೆ ಹೇಗಿದೆ?" ಅಂದೆ.

ಅವಳು ಒಳಲೆಯನ್ನು ಪಕ್ಕಕ್ಕಿಟ್ಟಳು.

"ಹಸೀತಾ ಇದೆ ಕಣೋ" ಅಂದಳು.

ಗಿನಿಪಿಗ್ಗನ್ನು ಅವಳ ಮಡಿಲಿಗೆ ಕೊಟ್ಟು, ತಟ್ಟೆ ಹಾಕಲು ಎದ್ದೆ.