ಹನ್ನೊಂದನೇ ನಂಬರಿನ ಹಳದಿ ಕಾರು

ರಾಮಸ್ವಾಮಿ ಮೇಷ್ಟ್ರಿಗೆ ಆ ಭಾನುವಾರ ಬಂದೊದಗಿದ ಫಜೀತಿಗೆಲ್ಲ ಕಾರಣ ಅವರೇ ಬರೆದ ಪುಸ್ತಕದ ನಲವತ್ತೆರಡನೇ ಪುಟದಲ್ಲಿದ್ದ ಒಂದೇ ಒಂದು ಪದ. ಆ ಪದ 'ಅನಾಮಿಕ'.

ಪುಸ್ತಕದ ಹೆಸರು 'ಕಪಿಲಾ ತಂಡದ ವಿಜಯಯಾತ್ರೆ'. ಕಪಿಲಾ ಅಂದರೆ ಮೈಸೂರಿನಲ್ಲಿದ್ದ ಒಂದು ಮೋಟಾರ್ ರೇಸಿಂಗ್ ತಂಡ. ಎರಡು ಕಾರು, ಮೂವರು ಡ್ರೈವರುಗಳು, ಸಿಡುಕು ಸ್ವಭಾವದ ಒಬ್ಬ ಮೆಕ್ಯಾನಿಕ್ಕು, ಇಷ್ಟೇ ಅದರ ಸಂಸಾರ. ಹತ್ತು ವರ್ಷ ಓಡಿ, ಮುಗ್ಗರಿಸಿ, ಬಾಗಿಲು ಹಾಕಿಕೊಂಡು ಕಾಲವಾಗಿತ್ತು. ಮೈಸೂರೇ ಮರೆತಿದ್ದ ಆ ತಂಡವನ್ನು ಪಾಂಡವಪುರದ ನಲವತ್ತಮೂರು ಜನ ಮಾತ್ರ ಮರೆತಿರಲಿಲ್ಲ. ಪ್ರತಿ ತಿಂಗಳ ಮೊದಲನೇ ಭಾನುವಾರ ನರಸಯ್ಯನವರ ಸ್ಪೇರ್ ಪಾರ್ಟ್ಸ್ ಅಂಗಡಿಯ ಮಹಡಿಯಲ್ಲಿ ಅವರು ಸೇರುತ್ತಿದ್ದರು. ಎಂಬತ್ತಮೂರರ ರ‍್ಯಾಲಿಯಲ್ಲಿ ಪಂಕ್ಚರ್ ಆದದ್ದು ಎಡಗಡೆ ಟೈರೋ ಬಲಗಡೆಯದೋ ಎಂದು ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗೆ ಜಗಳ ಆಡುತ್ತಿದ್ದರು. ಒಬ್ಬರ ಮನೆಯ ದೇವರ ಗೂಡಿನಲ್ಲಿ ಕಪಿಲಾ ಕಾರಿನ ಬಾಗಿಲ ಹಿಡಿ ಇತ್ತು. ಶುಕ್ರವಾರ ಅದಕ್ಕೂ ಕುಂಕುಮ.

ಈ ಅಭಿಮಾನಿ ಬಳಗದ ಅಧ್ಯಕ್ಷರು ನರಸಯ್ಯನವರು. ಕಾರ್ಯದರ್ಶಿ ಮತ್ತು ಚರಿತ್ರೆಕಾರರು ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ರಾಮಸ್ವಾಮಿ. ಕಾರು ಹಾಗಿರಲಿ, ಮೇಷ್ಟ್ರು ಮೊಪೆಡ್ ಬಿಟ್ಟು ಇನ್ನೇನನ್ನೂ ಓಡಿಸಿದವರಲ್ಲ. ಆದರೆ ಹದಿನಾಲ್ಕನೇ ವಯಸ್ಸಿನಲ್ಲಿ ರೈಲ್ವೆ ಗೇಟಿನ ಹತ್ತಿರ ನಿಂತಿದ್ದಾಗ ಕಪಿಲಾದ ಹನ್ನೊಂದನೇ ನಂಬರಿನ ಹಳದಿ ಕಾರು ಅವರ ಮುಖಕ್ಕೆ ಧೂಳೆರಚಿ ಹೋಗಿತ್ತು. ಆ ದಿನ ಸಂಜೆಯವರೆಗೂ ಅವರು ಮುಖ ತೊಳೆದಿರಲಿಲ್ಲ.

ಅದೇ ಕಾರಿನ ಅತಿ ದೊಡ್ಡ ಗೆಲುವು ಎಂಬತ್ತಾರರದು. ಅದು ವೇಗದ ಪಂದ್ಯವಲ್ಲ, ಗಡಿಯಾರದ ಪಂದ್ಯ. ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಮುಂಚೆ ಬಂದರೂ ತಪ್ಪು, ತಡವಾದರೂ ತಪ್ಪು. ಕೊನೆಯ ಚೆಕ್‌ಪಾಯಿಂಟು ಅಕ್ಕಿಹೆಬ್ಬಾಳು. ಊರು ಎರಡು ಮೈಲಿ ಇರುವಾಗ ಕಾರು ಕೆಟ್ಟು ನಿಂತಿತು. ಆಗ ಡ್ರೈವರ್ ದೇವಯ್ಯನವರು ಬಾನೆಟ್ ತೆಗೆದು, ಕ್ಷಣಾರ್ಧದಲ್ಲಿ ದೋಷ ಹುಡುಕಿ, 'ಅನಾಮಿಕ ರೈತನೊಬ್ಬನು ತಂದಿತ್ತ ಒಂದು ಬಿಂದಿಗೆ ನೀರನ್ನು' ರೇಡಿಯೇಟರಿಗೆ ಸುರಿದು, ಒಂದು ಸೆಕೆಂಡೂ ಆಚೀಚೆಯಾಗದಂತೆ ಊರು ಮುಟ್ಟಿದರು. ಮೇಷ್ಟ್ರು ಹೀಗೆಂದು ಬರೆದಿದ್ದರು. ಈ ಪುಟ ಓದಿದಾಗಲೆಲ್ಲ ನರಸಯ್ಯನವರ ಕಣ್ಣು ಒದ್ದೆಯಾಗುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಮೂರಕ್ಕೆ, ಅಕ್ಕಿಹೆಬ್ಬಾಳಿನ ಆ ಚೆಕ್‌ಪಾಯಿಂಟಿನ ಜಾಗದಲ್ಲಿ ಬಳಗದವರು ಒಂದು ಸ್ಮಾರಕದ ಕಲ್ಲು ನೆಡುವವರಿದ್ದರು. ಎಪ್ಪತ್ತಮೂರು ದಾಟಿದ ದೇವಯ್ಯನವರೇ ಬರುತ್ತೇನೆಂದು ಒಪ್ಪಿದ್ದರು. ಇಷ್ಟಕ್ಕೆ ಮೇಷ್ಟ್ರು ಸುಮ್ಮನಿರಬಹುದಿತ್ತು. ಆದರೆ ಆ ಅನಾಮಿಕ ರೈತನನ್ನು ಹುಡುಕಿ, ಅದೇ ವೇದಿಕೆಯಲ್ಲಿ ಅವನಿಗೊಂದು ಶಾಲು ಹೊದಿಸಬೇಕೆಂಬ ಆಸೆ ಹುಟ್ಟಿತು.

"ಆ ರೈತ ಅನಾಮಿಕನಾಗೇ ಸುಖವಾಗಿದಾನೆ ಕಣ್ರೀ. ಸುಮ್ನೆ ಬಿಟ್ಟುಬಿಡಿ" ಎಂದರು ಹೆಂಡತಿ ಪದ್ಮ.

ಮೇಷ್ಟ್ರು ಬೆಳಿಗ್ಗೆ ಆರಕ್ಕೇ ಮೊಪೆಡ್ ಹತ್ತಿದರು.

ಅಕ್ಕಿಹೆಬ್ಬಾಳಿನ ಟೀ ಅಂಗಡಿಯಲ್ಲಿ ವಿಚಾರಿಸಿದಾಗ ಹೆಚ್ಚು ಹುಡುಕುವ ಕೆಲಸವೇ ಬೀಳಲಿಲ್ಲ. "ಹಳದಿ ಕಾರಾ? ಮಂಚಯ್ಯನ್ ಕೇಳಿ ಸಾ. ಮೂವತ್ತೆಂಟ್ ವರ್ಸದಿಂದ ಅದ್ನೇ ಏಳಿ ಏಳಿ ನಮ್ ಕಿವಿ ತೂತು ಬಿದ್ದೋಗದೆ" ಎಂದು ಅಂಗಡಿಯವನು ಮನೆ ತೋರಿಸಿದ.

ಮಂಚಯ್ಯನವರಿಗೆ ಎಂಬತ್ತರ ಹತ್ತಿರ. ಜಗುಲಿಯ ಮೇಲೆ ಬಿಳಿ ಮೀಸೆ ತೀಡುತ್ತ ಕೂತಿದ್ದರು. ಅವರ ಹೆಂಡತಿ ಚಲುವಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಮೇಷ್ಟ್ರು ಭಕ್ತಿಯಿಂದ ಕೈ ಮುಗಿದು, "ಅವತ್ತು ಕಾರಿಗೆ ನೀರು ಕೊಟ್ಟ ಮಹಾನುಭಾವರು ತಾವೇನಾ?" ಎಂದರು.

"ನೀರಾ? ಯಾವ್ ನೀರು?" ಮಂಚಯ್ಯ ಹುಬ್ಬು ಗಂಟಿಕ್ಕಿದರು. "ನೀರ್ಗೆಲ್ಲ ಎದ್ದೇಳೋ ಕಾರಾ ಅದು? ಸತ್ತ ಎಮ್ಮೆ ಬಿದ್ದಂಗೆ ಬಿದ್ದಿತ್ತು ಕಣ್ ಮೇಷ್ಟ್ರೇ. ಟ್ರಾಕ್ಟರ್ಗೆ ಅಗ್ಗ ಕಟ್ಟಿ ಎರಡ್ ಮೈಲಿ ಎಳ್ಕಂಡ್ ಬಂದೆ. ಊರ್ ಮುಂದ್ಲ ತಿರುವ್ನಲ್ಲಿ ಅಗ್ಗ ಬಿಚ್ಬುಟ್ಟೆ. ಒಳೆ ಕಡೆ ಇಳಿಜಾರಲ್ವಾ, ಅದರ ಪಾಡ್ಗೆ ಅದು ಉರುಳ್ಕಂಡ್ ಓಗಿ ಗಡಿಯಾರ ಇಡ್ಕಂಡಿದ್ದೋರ ಮುಂದ್ಕೆ ನಿಂತ್ಕತು."

ಮೇಷ್ಟ್ರಿಗೆ ಅಂಗಳವೇ ಒಂದು ಸುತ್ತು ತಿರುಗಿದಂತಾಯಿತು. ಕಪಿಲಾದ ಅತಿ ದೊಡ್ಡ ಗೆಲುವು ಟ್ರಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದಿತ್ತು! ಕಲ್ಲಿನ ಮೇಲೆ ಕೆತ್ತಿಸಿದ್ದು ಸುಳ್ಳು, ಪುಸ್ತಕ ಸುಳ್ಳು, ಮುಖದ ಮೇಲೆ ಬಿದ್ದ ಧೂಳೊಂದು ನಿಜ.

"ಇದನ್ನ... ಬೇರೆ ಯಾರಿಗಾದ್ರೂ ಹೇಳಿದೀರಾ?"

"ಊರ್ಗೆಲ್ಲ ಏಳಿವ್ನಿ. ಇವತ್ತು ನಿಮ್ ಪಂಕ್ಸನ್ನಲ್ಲಿ ಮೈಕ್ ತಕಂಡು ಇನ್ನೊಂದ್ಸಲ ಏಳೋವ ಅಂತ ಬಿಳೀ ಅಂಗಿ ಒಗ್ಸಿ ಮಡಗಿವ್ನಿ."

ಮೇಷ್ಟ್ರ ತಲೆಯಲ್ಲಿ ಆಗ ಹೊಳೆದದ್ದು ಒಂದೇ ಉಪಾಯ. ಸಂಜೆ ಆರರವರೆಗೆ ಈ ಮುದುಕರನ್ನು ಊರಿನಿಂದ ಆಚೆ ಇಟ್ಟುಬಿಡಬೇಕು. "ಯಜಮಾನ್ರೇ, ಸನ್ಮಾನಕ್ಕೆ ಹೊಸ ಪಂಚೆ ಬೇಡ್ವಾ? ಕೆ.ಆರ್. ಪೇಟೆಗೆ ಹೋಗಿ ತರೋಣ ಬನ್ನಿ" ಎಂದರು. ಮಂಚಯ್ಯ ಎರಡನೇ ಮಾತಿಲ್ಲದೆ ಮೊಪೆಡ್ಡಿನ ಹಿಂದೆ ಹತ್ತಿ ಕೂತರು. ಚಲುವಮ್ಮ ಮೊರದಿಂದ ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ರಾಗಿ ಕೇರತೊಡಗಿದರು.

ಪಂಚೆ ಕೊಳ್ಳುವುದಕ್ಕೆ ಮೇಷ್ಟ್ರು ಒಂದೂವರೆ ಗಂಟೆ ತೆಗೆದುಕೊಂಡರು. ಅಂಚು ಅಗಲವಾಯಿತು, ಅಂಚು ಸಣ್ಣದಾಯಿತು ಎನ್ನುತ್ತ ನಾಲ್ಕು ಅಂಗಡಿ ಹತ್ತಿಸಿ ಇಳಿಸಿದರು. ಆಮೇಲೆ ಹೋಟೆಲಿಗೆ ಕರೆದೊಯ್ದರು. ಮಂಚಯ್ಯ ಮಸಾಲೆ ದೋಸೆಗೆ ಒಂದು ಸಲ ಕತೆ ಹೇಳಿದರು, ಖಾಲಿ ದೋಸೆಗೆ ಇನ್ನೊಂದು ಸಲ. ಪಕ್ಕದ ಟೇಬಲಿನವರು, ಎದುರಿನ ಟೇಬಲಿನವರು, ಕಡೆಗೆ ದೋಸೆ ಹುಯ್ಯುವವನೂ ಬಂದು ನಿಂತು ಕೇಳಿದರು. ಎರಡು ಮೈಲಿ ನಾಲ್ಕಾಯಿತು. ಕಾಫಿ ಬರುವ ಹೊತ್ತಿಗೆ ಆರು ಮೈಲಿಯಾಗಿತ್ತು. ಮೇಷ್ಟ್ರು ಬಚ್ಚಲಿಗೆ ಬಿದ್ದ ಜಿರಲೆಯ ಹಾಗೆ ಒದ್ದಾಡಿದರು.

ಅಷ್ಟರಲ್ಲಿ ಹೋಟೆಲಿನ ಮುಂದೆ ಗೂಡ್ಸ್ ಆಟೋವೊಂದು ಬಂದು ನಿಂತಿತು. ಹಿಂದೆ, ಅದೇ ಪೇಟೆಯಲ್ಲಿ ಕೆತ್ತಿಸಿ ಹೂವಿನ ಹಾರ ಸುತ್ತಿದ ಸ್ಮಾರಕದ ಕಲ್ಲು. ಮುಂದೆ ಸಾಕ್ಷಾತ್ ನರಸಯ್ಯನವರು.

"ಅಲ್ಲಾ ಮೇಷ್ಟ್ರೇ! ಅಲ್ಲಿ ಕಾರ್ಯಕ್ರಮಕ್ಕೆ ಜನ ಸೇರ್ತಾವ್ರೆ, ನೀವಿಲ್ಲಿ ಕಾಫಿ ಕುಡೀತಾ ಕೂತಿದ್ದೀರಲ್ಲ! ಯಾರಿವರು?"

"ಇವರು... ಅಕ್ಕಿಹೆಬ್ಬಾಳಿನವರು" ಎಂದರು ಮೇಷ್ಟ್ರು. ಬೇರೆ ಯಾವ ಸುಳ್ಳೂ ಸಮಯಕ್ಕೆ ಸಿಗಲಿಲ್ಲ.

"ಅಲ್ಲಿಗೇ ಹೊಂಟಿದೀನಲ್ಲ! ಈ ವಯಸ್ನೋರನ್ನ ಮೊಪೆಡ್ಡಲ್ಲಿ ಕುಣಿಸ್ಕೊಂಡು ಹೋಗ್ತಾರಾ? ಬನ್ನಿ ಯಜಮಾನ್ರೇ" ಎಂದು ನರಸಯ್ಯ ಮಂಚಯ್ಯನವರನ್ನು ತೋಳು ಹಿಡಿದು ಆಟೋಗೆ ಹತ್ತಿಸಿಯೇಬಿಟ್ಟರು.

ಆಟೋ ಹೊರಟಿತು. ಮೇಷ್ಟ್ರ ಮೊಪೆಡ್ಡು ಅದರ ಬೆನ್ನಿಗೆ. ಕಪಿಲಾ ತಂಡದವರು ಯಾವ ರ‍್ಯಾಲಿಯಲ್ಲೂ ಓಡಿಸದಷ್ಟು ಜೋರಾಗಿ ಅವರು ಅಂದು ಓಡಿಸಿದರು. ಹಳ್ಳಕ್ಕೆ ಬಿದ್ದರು, ಎದ್ದರು, ಅಡ್ಡ ಬಂದ ಕೋಳಿಯ ಒಡತಿಯಿಂದ ಮೂರು ತಲೆಮಾರಿಗೆ ಸಾಲುವಷ್ಟು ಬೈಸಿಕೊಂಡರು. ಆಟೋದಲ್ಲಿ ನರಸಯ್ಯನವರ ಕೈ ಮೇಲೆ ಕೆಳಗೆ ಆಡುತ್ತಿದ್ದುದು ಕಾಣಿಸುತ್ತಿತ್ತು. ಮುಗಿಯಿತು, ವಿಷಯ ತಿಳಿದು ಎದೆ ಬಡಿದುಕೊಳ್ಳುತ್ತಿದ್ದಾರೆ ಎಂದುಕೊಂಡರು ಮೇಷ್ಟ್ರು.

ಹಾಗೇನೂ ಆಗಿರಲಿಲ್ಲ. ದಾರಿಯುದ್ದಕ್ಕೂ ನರಸಯ್ಯನವರೇ ಮಾತಾಡಿದ್ದರು. "ಅವ್ರು ಉಸುರ್ ತಕಳದು ಯಾವಾಗ ಅಂತ ನಾನೂ ಕಾದೆ ಕಾದೆ" ಎಂದರು ಕೆಳಗಿಳಿದ ಮಂಚಯ್ಯ.

ಶಾಮಿಯಾನದ ಹಿಂದೆ ಅವರನ್ನು ನಿಲ್ಲಿಸಿಕೊಂಡು ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. ಇಷ್ಟು ಹೊತ್ತು ಉಪಾಯ ಮಾಡಿ ಸಾಕಾಗಿತ್ತು. "ಯಜಮಾನ್ರೇ, ನಾನು ಹದಿನಾಲ್ಕು ವರ್ಷದವನಿದ್ದಾಗ ಆ ಕಾರು ನೋಡಿದೆ. ನಮ್ಮಪ್ಪನಿಗೆ ಸೈಕಲ್ಲೂ ಇರಲಿಲ್ಲ. ಆ ಹಳದಿ ಬಣ್ಣ ನೋಡಿದ ಮೇಲೆ, ಲೋಕದಲ್ಲಿ ಏನೋ ಒಂದು ಚೆನ್ನಾಗಿರೋದು ಇದೆ ಅಂತ ಅನ್ನಿಸ್ತು. ಇವತ್ತು ಆ ದೇವಯ್ಯನವರು ಕೋಲೂರಿಕೊಂಡು ಬರ್ತಿದಾರೆ. ಇಷ್ಟು ಜನದ ಮುಂದೆ ಅವರ ಮಾನ ಹೋಗೋದು ನನಗೆ ನೋಡಕ್ಕಾಗಲ್ಲ."

"ಅಯ್ಯೋ ಸಿವನೆ, ಬೆಳಿಗ್ಗೇನೇ ಏಳ್ಬಾರ್ದಾಗಿತ್ತಾ ಮೇಷ್ಟ್ರೇ? ಒಂದ್ ಬಿಂದ್ಗೆ ನೀರು ತಾನೇ? ಕೊಟ್ಟೆ ಅಂತೀನಿ ಬುಡಿ" ಎಂದು ಮಂಚಯ್ಯ ಅವರ ಬೆನ್ನು ತಟ್ಟಿದರು. ಮೇಷ್ಟ್ರಿಗೆ ಅಳು ಬಂತು.

ದೇವಯ್ಯನವರು ಬಂದರು. ತೆಳ್ಳಗೆ, ಎತ್ತರಕ್ಕೆ, ಕೋಲು ಹಿಡಿದೂ ನೆಟ್ಟಗೆ ನಡೆಯುತ್ತಿದ್ದರು. ಕಲ್ಲಿಗೆ ಪೂಜೆಯಾಯಿತು, ಕಾಯಿ ಒಡೆಯಿತು. ಮೇಷ್ಟ್ರು ಮಂಚಯ್ಯನವರಿಗೆ ಮೈಕು ಕೊಟ್ಟರು.

ಮಂಚಯ್ಯ ಕೊಟ್ಟ ಮಾತು ಉಳಿಸಿಕೊಂಡರು. ಉಳಿಸಿಕೊಂಡು ಮೇಲಿಷ್ಟು ಬಡ್ಡಿಯನ್ನೂ ಸೇರಿಸಿದರು. "ಉರೀ ಬಿಸ್ಲು ಕಣ್ರಪ್ಪ. ಕಾರು ಬಾಯಾರಿ ನಾಲ್ಗೆ ಆಚ್ಗಾಕಿತ್ತು. ಒಂದ್ ತಾಮ್ರದ್ ಬಿಂದ್ಗೇಲಿ ಏಮಾವತಿ ನೀರ್ ತಂದೆ. ಈ ಸಾಮಿ ಉಯ್ದ್ರು. ಗಟಗಟ ಕುಡೀತು ನೋಡಿ! ಆಲು ಕುಡ್ದ್ ಕರ ಬಾಲ ಎತ್ಕಂಡ್ ಓಡ್ದಂಗೆ ಓಡ್ತು!" ಟ್ರಾಕ್ಟರ್ ಕತೆ ಕೇಳಿ ಕೇಳಿ ಸಾಕಾಗಿದ್ದ ಊರಿನವರು ಮುಖ ಮುಖ ನೋಡಿಕೊಂಡರು, ಬಳಗದವರಿಂದ ಮಾತ್ರ ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ನರಸಯ್ಯನವರ ಕರವಸ್ತ್ರ ಆಚೆ ಬಂತು. ಮೇಷ್ಟ್ರು ಆ ದಿನ ಮೊದಲ ಸಲ ನೆಮ್ಮದಿಯಾಗಿ ಉಸಿರು ಬಿಟ್ಟರು.

ಆಗ ದೇವಯ್ಯನವರು ಎದ್ದು ನಿಂತು ಮೈಕು ಕೇಳಿದರು.

"ಈ ಹಿರಿಯರು ಯಾರೋ ನನಗೆ ಗೊತ್ತಿಲ್ಲ" ಎಂದರು ಮೆಲ್ಲಗೆ. "ಆದರೆ ನನ್ನ ಮಾನ ಉಳಿಸೋಕೆ ಇಷ್ಟು ಚೆನ್ನಾಗಿ ಸುಳ್ಳು ಹೇಳಿದರಲ್ಲ, ಇನ್ನು ನಾನು ಸುಮ್ಮನೆ ಕೂರೋದು ತಪ್ಪು. ಆ ಕಾರಿಗೆ ನೀರು ಬೇಕಾಗಿರಲಿಲ್ಲ. ಹೊಸ ಎಂಜಿನ್ನೇ ಬೇಕಾಗಿತ್ತು. ಅದನ್ನ ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಮೂವತ್ತೆಂಟು ವರ್ಷದಿಂದ ಇದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿಮ್ಮ ಕಾಗದ ಬಂದಾಗ, ಅಲ್ಲೇ ಹೋಗಿ ಹೇಳಿಬಿಡೋಣ ಅಂತಲೇ ಒಪ್ಪಿಕೊಂಡೆ."

ದೇವಯ್ಯನವರು ಸಭೆಯ ಮೇಲೆಲ್ಲ ಕಣ್ಣಾಡಿಸಿ ಮುಂದುವರಿಸಿದರು.

"ಇನ್ನೊಂದು ಆಸೆ ಇದೆ. ಅವತ್ತು ಟ್ರಾಕ್ಟರ್ ಓಡಿಸಿದ ಹೆಣ್ಣುಮಗಳಿಗೆ ನಾನು ಒಂದು ಮಾತೂ ಹೇಳದೆ ಹೊರಟುಹೋಗಿದ್ದೆ. ತಲೆಗೆ ಟವಲು ಸುತ್ತಿಕೊಂಡಿದ್ದರು. ಅವರು ಇದ್ದಾರೆಯೇ?"

ಮೇಷ್ಟ್ರು ಮಂಚಯ್ಯನವರ ಕಡೆ ತಿರುಗಿದರು. ಊರಿಗೆ ಊರೇ ಮಂಚಯ್ಯನವರ ಕಡೆ ತಿರುಗಿತು. ಮಂಚಯ್ಯನವರು ಶಾಮಿಯಾನದ ಬಟ್ಟೆಯ ಹೂವುಗಳನ್ನು ಎಣಿಸುತ್ತಿದ್ದರು.

ಹಿಂದಿನ ಸಾಲಿನಿಂದ ಚಲುವಮ್ಮ ಸೆರಗು ಸರಿಮಾಡಿಕೊಳ್ಳುತ್ತ ಎದ್ದರು. "ನಾನೇ ಕಣಪ್ಪ" ಎಂದರು. "ಅವತ್ತು ಇವ್ರು ಜ್ವರ ಅಂತ ಮನೀಕಂಡಿದ್ರು. ನಾನು ಕಬ್ಬಿನ್ ಗದ್ದೆಗ್ ಓಯ್ತಿದ್ದೆ, ನಿಮ್ ಕಾರು ದಾರಿಗಡ್ಡ ನಿಂತಿತ್ತು. ಊರ್ಗಂಟ ಎಳ್ದಾಕಿ ಬಂದೆ. ಮಾರನೇ ದಿನ್ದಿಂದ ಇವ್ರೇ ಎಳ್ದಂಗೆ ಊರ್ಗೆಲ್ಲ ಸಾರ್ಕಂಡ್ ಬಂದ್ರು. ಎಂಗೋ, ಇವ್ರೂ ಒಂದ್ ಕೆಲ್ಸ ಮಾಡ್ದಂಗಾಗ್ಲಿ ಅಂತ ಸುಮ್ಕಿದ್ದೆ."

ಸಭೆಯಲ್ಲಿ ಎದ್ದ ನಗೆಗೆ ಮೈಕು ಕುಯ್ಯೆಂದಿತು. ದೇವಯ್ಯನವರು ಕೆಳಗಿಳಿದು ಬಂದು ಚಲುವಮ್ಮನವರಿಗೆ ಕೈ ಮುಗಿದರು. ಮಂಚಯ್ಯನವರಿಗೆಂದು ತಂದಿದ್ದ ಶಾಲು ಚಲುವಮ್ಮನವರ ಹೆಗಲೇರಿತು.

ನರಸಯ್ಯನವರು ಮಾತ್ರ ಕರವಸ್ತ್ರ ಮಡಚಿ ಜೇಬಿಗಿಟ್ಟು, "ಮೇಷ್ಟ್ರೇ, ಈ ಟ್ರಾಕ್ಟರ್ ವಿಷಯ ನಿಮಗೆ ಗೊತ್ತಿತ್ತಾ?" ಎಂದರು.

ಜನರ ಕಣ್ಣು ತಮ್ಮ ಮೇಲಿನಿಂದ ಕದಲಿದರೆ ಸಾಕಾಗಿತ್ತು ಮಂಚಯ್ಯನವರಿಗೆ. "ಬೆಳಿಗ್ಗೇನೇ ಗೊತ್ತಿತ್ತು! ನೀರು ಅಂತ ಏಳಿ ಅಂದೋರೇ ಅವ್ರು!" ಎಂದುಬಿಟ್ಟರು.

ನಲವತ್ತೆರಡು ಜನ ಮೇಷ್ಟ್ರನ್ನು, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನನ್ನು ನೋಡುವ ಹಾಗೆ ನೋಡಿದರು. ಅಲ್ಲೇ, ನಿಂತ ಕಾಲ ಮೇಲೆ ಬಳಗದ ಸಭೆ ನಡೆಯಿತು. 'ವಿಜಯಯಾತ್ರೆ'ಯ ಉಳಿದ ಪ್ರತಿಗಳನ್ನು ಹಿಂದಕ್ಕೆ ಪಡೆಯುವುದು, ಚಲುವಮ್ಮನವರ ಬಾಯಿಂದ ಕೇಳಿ ಹೊಸ ಚರಿತ್ರೆ ಬರೆಸುವುದು, ಬರೆಯುವ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸುವುದು ಎಂದು ತೀರ್ಮಾನವಾಯಿತು. ಮೇಷ್ಟ್ರು ತಾವೇ ಅದನ್ನು ನಡಾವಳಿ ಪುಸ್ತಕಕ್ಕೆ ಬರೆದುಕೊಂಡರು. ಆ ಕ್ಷಣಕ್ಕೆ ಇನ್ನೂ ಅವರೇ ಕಾರ್ಯದರ್ಶಿ.

ದೇವಯ್ಯನವರು ಹೊರಡುವ ಮುಂಚೆ ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ಪುಸ್ತಕ ಎರಡು ಸಲ ಓದಿದೆ ಮೇಷ್ಟ್ರೇ. ಅದರೊಳಗಿನ ದೇವಯ್ಯ ನನಗಿಂತ ಒಳ್ಳೆಯ ಡ್ರೈವರು. ಅವನು ಹೋದನಲ್ಲ ಅಂತ ನನಗೂ ಬೇಜಾರಾಯ್ತು."

ಆಮೇಲೆ ಎಲ್ಲರೂ ಚಲುವಮ್ಮನವರ ಹಿಂದೆ ಹಟ್ಟಿಯಲ್ಲಿದ್ದ ಹಳೇ ಟ್ರಾಕ್ಟರ್ ನೋಡಲು ಹೊರಟರು. ನರಸಯ್ಯನವರು ಅದರ ಸ್ಟೇರಿಂಗಿಗೆ ಹಾಕಲು ಕಲ್ಲಿನ ಮೇಲಿದ್ದ ಹಾರ ಬಿಚ್ಚಿಕೊಂಡು ಓಡಿದರು. ಖಾಲಿ ಕುರ್ಚಿಗಳ ನಡುವೆ ಇಬ್ಬರೇ ಉಳಿದರು.

"ಮೇಷ್ಟ್ರೇ, ಈಗ ಎತ್ಲಾಗೆ?" ಎಂದರು ಮಂಚಯ್ಯ.

"ಪಾಂಡವಪುರಕ್ಕೆ. ಕತ್ತಲಾಗೋದ್ರೊಳಗೆ ಮನೆ ಸೇರ್ಕೋಬೇಕು. ನೀವೂ ಮನೆಗೆ ಹೋಗಿ ಯಜಮಾನ್ರೇ."

"ಯಾವ್ ಮೊಕ ಇಟ್ಕಂಡ್ ಓಗ್ಲಿ? ಮೂವತ್ತೆಂಟ್ ವರ್ಸ ಸುಮ್ಕಿದ್ದೋಳು ಇವತ್ತು ಬಾಯಿ ಬುಟ್ಟವ್ಳೆ. ಇನ್ನು ಏನೇನ್ ಆಚ್ಗೆ ತತ್ತಾಳೋ!" ಮಂಚಯ್ಯ ಹೊಸ ಪಂಚೆ ಎತ್ತಿ ಕಟ್ಟಿ, ಮೊಪೆಡ್ಡಿನ ಹಿಂದಿನ ಸೀಟಿನ ಮೇಲೆ ಭದ್ರವಾಗಿ ಕೂತರು. "ಒಂದೆಂಟು ದಿನ ನಿಮ್ ಮನೇಲಿರ್ತೀನಿ, ನಡೀರಿ. ನಿಮ್ ಮನೆಯೋರ್ಗೆ ಏನ್ ಏಳೋದು ಅಂತ ದಾರೀಲಿ ನಾನೇ ಏಳ್ಕೊಡ್ತೀನಿ."