ಹಳದಿ ಚೀಟಿ

ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿದ್ದ ಹಳದಿ ಚೀಟಿಯಲ್ಲಿ ಹೀಗಿತ್ತು: 'ಬಳಸುವ ಸೈಕಲ್ಲಾದರೆ ಈ ಚೀಟಿ ಕಿತ್ತುಹಾಕಿ. ತಿಂಗಳ ಕೊನೆಗೂ ಚೀಟಿ ಇದ್ದರೆ ಅನಾಥವೆಂದು ತಿಳಿದು ಲಾರಿಗೆ ಹಾಕಲಾಗುವುದು. ಇಂತಿ, ನಿವಾಸಿಗಳ ಸಂಘ.'

ಇವತ್ತೇ ತಿಂಗಳ ಕೊನೆ. ಐವತ್ತೊಂದರ ಮಸುಮಿ ಬೆಳಗ್ಗೆ ಕದ್ದುಮುಚ್ಚಿ ಕೆಳಗಿಳಿದು ಬಂದಿದ್ದಳು. ವಸಂತದಲ್ಲಿ ಸೈಕಲ್ಲು ಕೊಂಡಾಗ, "ದಿನಾ ಯೊದೊ ಹೊಳೆ ದಂಡೇಲಿ ಒಂದು ಗಂಟೆ" ಎಂದು ಒಸಾಕಾದ ಆ ಐದಂತಸ್ತಿನ ಕಟ್ಟಡಕ್ಕೆಲ್ಲ ಸಾರಿದ್ದಳು. ನಾಲ್ಕು ದಿನ ಹೋದಳು. ಐದನೆಯ ದಿನ ಮಳೆ. ಆರನೆಯ ದಿನ ಮಳೆಯಿರಲಿಲ್ಲ, ಆದರೆ ಬರಬಹುದು ಎನ್ನಿಸಿತು. ಈಗ ಶರತ್ಕಾಲ.

ಶೆಡ್ಡಿನಲ್ಲಿ ಒಂದೇ ಥರದ ಎರಡು ಬೆಳ್ಳಿ ಬಣ್ಣದ ಸೈಕಲ್ಲುಗಳು. ಎದುರುಮನೆಯ ಟೊಕುರಾಳದನ್ನು ನೋಡಿಯೇ ಅವಳು ತನ್ನದನ್ನು ಕೊಂಡದ್ದು. ಒಂದು ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು, ಚೀಟಿಯಿಲ್ಲ. ಅದು ಟೊಕುರಾಳದೇ, ಆಕೆ ದಿನಾ ಎರಡು ಗಂಟೆ ತುಳಿಯುತ್ತಾಳೆ, ಹಾಗೆಂದು ದಿನಾ ಹೇಳುತ್ತಾಳೆ. ಇನ್ನೊಂದು ಧೂಳು ಮೆತ್ತಿಕೊಂಡು, ಹಿಟ್ಟಿನಲ್ಲಿ ಹೊರಳಿಸಿದ ಮೋಚಿ ಕಡುಬಿನಂತಿತ್ತು. ಮನೆಯೆಲ್ಲ ತಡಕಿದರೂ ಸಿಗದ ಕೀ ಅದರ ಬೀಗದಲ್ಲೇ ಇತ್ತು. ನಾಚಿಕೆಯಿಂದ ಚೀಟಿ ಕಿತ್ತು ಜೇಬಿಗೆ ತುರುಕಿದಳು. ಟೈರುಗಳೆರಡೂ ಚಪ್ಪಟೆ.

ತಳ್ಳಿಕೊಂಡು ಹೊರಟಾಗ ತೋಫು ಅಂಗಡಿಯ ಅಜ್ಜಿ ಕೂಗಿದಳು: "ಏನೇ, ಸೈಕಲ್ಲಿಗೆ ವಾಕಿಂಗ್ ಮಾಡಿಸ್ತಿದೀಯಾ? ನಾಯಿಯಾದ್ರೆ ತಾನೇ ನಡೆಯುತ್ತಲ್ಲೇ!"

"ಮೊದಲು ಮಂಡಿ ಬಿಸಿಯಾಗ್ಬೇಕು ಅಂದಿದಾರೆ ಡಾಕ್ಟ್ರು."

ಸೈಕಲ್ ರಿಪೇರಿಯ ಮುದುಕ ಗಾಳಿ ತುಂಬಿದ, ಎಣ್ಣೆ ಬಿಟ್ಟ, ಮಡ್‌ಗಾರ್ಡು ಒರೆಸಿದ. "ಆಯ್ತು, ತಗೊಳ್ಳಿ ಟೊಕುರಾ ಅವರೇ."

"ನಾನು ಟೊಕುರಾ ಅಲ್ಲ."

"ಸೈಕಲ್ಲು ಹೌದು ಅಂತಿದೆಯಲ್ಲಮ್ಮಾ."

ಮಡ್‌ಗಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಹೆಸರಿತ್ತು. ಮಸುಮಿ ಆ ಹೆಸರನ್ನು ಎರಡು ಸಲ ಓದಿ, ಸೀಟು ಹತ್ತಿದಳು. ದಂಡೆಯ ಇಳಿಜಾರಿನಲ್ಲಿ ಗಾಳಿ ಮುಖಕ್ಕೆ ಬಡಿದಾಗ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುವುದನ್ನೂ ಒಂದು ಕ್ಷಣ ಮರೆತಳು. ಒಂದೇ ಕ್ಷಣ.

ಮರಳಿ ಬಂದಾಗ ಶೆಡ್ಡಿನ ಮುಂದೆ ಟೊಕುರಾ ಬಿಳಿಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಸಂಘದ ಅಧ್ಯಕ್ಷ ಇಮಾಜೆಕಿ.

"ಮಸುಮಿ ಅವರೇ, ನಿಮ್ಮ ಸೈಕಲ್ಲು ಇಲ್ಲೇ ಇದೆ! ಹಾಗಾದ್ರೆ ಟೊಕುರಾ ಅವರದ್ದನ್ನ ಕದ್ದಿರೋದು..."

ಮಸುಮಿಯ ಜೇಬಿನಿಂದ ಹಳದಿ ಚೀಟಿಯ ತುದಿ ಇಣುಕುತ್ತಿತ್ತು. ಟೊಕುರಾ ಅದನ್ನು ನೋಡಿದಳು.

"ಕದಿಯೋದೇನ್ರೀ!" ಎಂದಳು ಟೊಕುರಾ. "ಒಮ್ಮೊಮ್ಮೆ ಬದಲಾಯಿಸ್ಕೋತೀವಿ. ದಿನಾ ಜೊತೇಲೇ ಹೋಗೋದಲ್ವಾ ನಾವು?"

"ಹೌದೌದು, ದಿನಾ," ಎಂದಳು ಮಸುಮಿ.

ಇಮಾಜೆಕಿಯ ಮುಖ ಅರಳಿತು. "ಗೊತ್ತೇ ಇರ್ಲಿಲ್ವಲ್ಲ!"

ಮನೆಯಲ್ಲಿ ಗಂಡ ಅವಳ ಸೈಕಲ್ಲಿನ ಕೀ ಮುಂದಿಟ್ಟ. "ನಿನ್ನ ಚೀಟೀನ ಮೊದಲ ದಿನವೇ ಕಿತ್ತು, ಸೈಕಲ್ಲು ಒರೆಸಿಟ್ಟಿದ್ದೆ. ಎಷ್ಟೆಂದ್ರೂ ನಿನ್ನ ಮರ್ಯಾದೆ."

ಮಧ್ಯಾಹ್ನ ಅವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ಮನೆಯಿಂದ ಮನೆಗೆ ದಾಟುವ ಸಂಘದ ಸೂಚನಾ ಹಲಗೆ ಬಂದಿತ್ತು: 'ನಾಳೆಯಿಂದ ಪ್ರತಿದಿನ ಬೆಳಗ್ಗೆ ಆರಕ್ಕೆ ಸೈಕಲ್ ಬಳಗ. ಮುಂದಾಳುಗಳು: ಮಸುಮಿ, ಟೊಕುರಾ. ಒಪ್ಪಿಗೆಯಿದ್ದವರು ಸಹಿಯ ಬದಲು ಮನೆಯ ಮುದ್ರೆ ಒತ್ತಿ.'

ಅವಳ ಹೆಸರಿನ ಮುಂದೆ ಕೆಂಪು ಮುದ್ರೆ ಇನ್ನೂ ಹಸಿಯಾಗಿತ್ತು.

"ನಾನೇ ಒತ್ತಿಬಿಟ್ಟೆ," ಎಂದ ಗಂಡ. "ಕೆಳಗೆ ಇನ್ನೊಂದು ಸಾಲಿದೆ, ನೋಡಿದ್ಯಾ?"

ನೋಡಿದಳು. 'ಮಳೆ ಬಂದರೆ ರೇನ್‌ಕೋಟು ತರುವುದು.'